ಕಾಂಕ್ರೀಟ್ ಬದಲು ಏನು? ಪಾಯದಿಂದ ಚಾವಣಿವರೆಗೆ ಒಂದೊಂದಾಗಿ ನೋಡೋಣ

ಸರ್, ತೋಟದಲ್ಲಿ ಸಾಮಾನಿಗೊಂದು ಕೊಠಡಿ, ಪಕ್ಕದಲ್ಲೇ ಉಳಿಯಲು ಎರಡು ಕೋಣೆ ಕಟ್ಟಬೇಕು, ಕಾಂಕ್ರೀಟ್ ಬೇಡ, ಅದರ ಬದಲು ಏನು ಹಾಕಲಿ ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಕೆಲವರು ಬಿದಿರು ಅಂದಿದ್ದಾರೆ, ಇನ್ನು ಕೆಲವರು ಹೆಂಪ್‌ಕ್ರೀಟ್ (ಹೆಂಪ್ ಗಿಡದ ಕಾಂಡದ ಚೂರನ್ನು ಸುಣ್ಣದಲ್ಲಿ ಕಲಸಿದ್ದು) ಅಂದಿದ್ದಾರೆ. ಎರಡೂ ಒಳ್ಳೆಯವೇ. ಆದರೆ ಕಾಂಕ್ರೀಟಿನ ಎಲ್ಲ ಕೆಲಸವನ್ನೂ ಇನ್ನೊಂದೇ ವಸ್ತುವಿನಿಂದ ಮಾಡಿಸಲು ಹೋದರೆ ಕೆಲಸ ಕೆಡುತ್ತದೆ. ಪಾಯಕ್ಕೆ ಬೇಕಾದ್ದು ಬೇರೆ, ಗೋಡೆಗೆ ಬೇಕಾದ್ದು ಬೇರೆ, ಚಾವಣಿಗೆ ಬೇಕಾದ್ದು ಬೇರೆ.

ಮೊದಲು ತೊಂದರೆ ಎಲ್ಲಿದೆ ಅಂತ ನೋಡಿ. ಜಲ್ಲಿ ಮರಳಿಗಿಂತ ಜಾಸ್ತಿ ಹೊರೆ ಸಿಮೆಂಟಿನದು. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಿ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ, ಮಾಡುತ್ತಾರೆ. ಗೂಡಿಗೆ ಹಾಕುವ ಇಂಧನದ ಹೊಗೆ ಒಂದು ಕಡೆ. ಕಲ್ಲಿನೊಳಗೇ ಇರುವ ಇಂಗಾಲದ ಡೈಆಕ್ಸೈಡ್ ಹೊರಬರುವುದು ಇನ್ನೊಂದು ಕಡೆ, ಅರ್ಧಕ್ಕಿಂತ ಜಾಸ್ತಿ ಪಾಲು ಇದರದ್ದೇ. ಹಾಗಾಗಿ ಇಂಧನ ಬದಲಾಯಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಪ್ರಪಂಚದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7–8 ಸಿಮೆಂಟಿನಿಂದ ಬರುತ್ತದೆ.

ಈಗ ಗೋಡೆ. ಹತ್ತು ಅಡಿ ಎತ್ತರದ ಮಣ್ಣಿನ ಗೋಡೆಯ ಬುಡದಲ್ಲಿ ಅದರದ್ದೇ ಭಾರ ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು. ಚಾವಣಿ ಸೇರಿಸಿದರೂ ಒಂದು ಕಿಲೋ ಆಸುಪಾಸು. ಮನೆಗೆ ಹಾಕುವ ಮಾಮೂಲಿ ಎಂ20 ದರ್ಜೆಯ ಕಾಂಕ್ರೀಟ್ ಅಷ್ಟೇ ಜಾಗದಲ್ಲಿ ತಾಳುವುದು 200 ಕಿಲೋ. ಸರಿಯಾಗಿ ಒತ್ತಿ ನೀರುಣಿಸಿದ ಮಣ್ಣಿನ ಬ್ಲಾಕ್ ನೆನೆದಾಗಲೂ 30 ಕಿಲೋ ತಾಳುತ್ತದೆ. ಒಂದಂತಸ್ತಿನ ಗೋಡೆಗೆ ಕಾಂಕ್ರೀಟಿನ ಬಲ ಸುಮ್ನೆ ದಂಡ ಅಲ್ವಾ?

ಅದಕ್ಕೇ ನಿಮಗೆ ನಾನು ಹೇಳುವುದು ಒತ್ತಿದ ಮಣ್ಣಿನ ಬ್ಲಾಕ್. ಕೈಯಲ್ಲಿ ಒತ್ತುವ ಸಿನ್ವಾ ರಾಮ್ ಯಂತ್ರ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ಬಂತು. ಈಗಿನ ಎಷ್ಟೋ ಯಂತ್ರಗಳು ಅದೇ ದಾರಿಯವು. ಯಂತ್ರ ಹುಡುಕುವ ಮೊದಲು ಮಣ್ಣು ನೋಡಿ. ಬೇರು, ಕೊಳೆತ ಎಲೆ ಇರುವ ಮೇಲ್ಮಣ್ಣು ತೆಗೆದುಹಾಕಿ, ಅದು ಗಿಡಕ್ಕೇ ಇರಲಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗ ತುಂಬಿ. ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ, ಅಲುಗಾಡದ ಕಡೆ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ನುಣ್ಣನೆಯ ಹೂಳು ಕೂರುತ್ತದೆ. ಜೇಡಿ ನೀರನ್ನು ಕದಡಿಕೊಂಡು ಒಂದು ದಿನವಾದರೂ ತೇಲುತ್ತಿರುತ್ತದೆ. ಎಲ್ಲ ಕೂತ ಮೇಲೆ ಸ್ಕೇಲ್ ಹಿಡಿದು ಪದರಗಳನ್ನು ಅಳೆಯಿರಿ. ಸಣ್ಣ ಕಲ್ಲು ಮರಳು ಸೇರಿ ಮೂರರಲ್ಲಿ ಎರಡು ಪಾಲು, ಜೇಡಿ ಐದರಲ್ಲಿ ಒಂದು ಪಾಲಿದ್ದರೆ ಖುಷಿಯಾಗಿ ಮುಂದುವರಿಯಿರಿ. ಜೇಡಿ ಜಾಸ್ತಿ ಇದ್ದರೆ ಮರಳು ಬೆರೆಸಿ. ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಕಪ್ಪು ಮಣ್ಣಾದರೆ ಬ್ಲಾಕಿಗೆ ಬೇಡ.

ತೇವ ನೋಡಲು ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು.

ಬ್ಲಾಕ್ ಗಟ್ಟಿಯಾಗಲು ಮರಳು ಹೆಚ್ಚಿರುವ ಮಣ್ಣಿಗೆ ಶೇ 5ರಿಂದ 8 ಸಿಮೆಂಟ್ ಬೆರೆಸಿ, ಜೇಡಿ ಹೆಚ್ಚಿದ್ದರೆ ಸುಣ್ಣ. ಭಯಕ್ಕೆ ಅಂತ ಶೇ 12 ಹಾಕಿದರೆ ಯಾವುದನ್ನು ಬಿಡಬೇಕು ಅಂತ ಹೊರಟೆವೋ ಅದೇ ವಾಪಸ್ ಬರುತ್ತದೆ. ಸಿಮೆಂಟ್ ಹಾಕಿದ ಬ್ಲಾಕನ್ನು ನೆರಳಲ್ಲಿ ಪೇರಿಸಿ, ಮುಚ್ಚಿ, ನಾಲ್ಕು ವಾರ ನೀರುಣಿಸಿ. ಸುಣ್ಣದ್ದಕ್ಕೆ ಇನ್ನೂ ಜಾಸ್ತಿ ದಿನ ಬೇಕು. ಎರಡನೇ ವಾರಕ್ಕೇ ಎತ್ತಿ ಕಟ್ಟಿದ ಗೋಡೆಯ ಅಂಚು ಉಗುರಿಗೆ ಉದುರುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಬರೀ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡ. ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇರುವುದಿಲ್ಲ. ಆಮೇಲೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣದ ಗಾರೆಯೋ ಮಣ್ಣಿನ ಗಾರೆಯೋ ಸಾಕು. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು. ಗಟ್ಟಿಯಾಗುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ವಾಪಸ್ ಹೀರಿಕೊಳ್ಳುತ್ತದೆ. ರೋಮಿನ ಪ್ಯಾಂಥಿಯನ್ ಗುಮ್ಮಟ ಸುಣ್ಣ ಮತ್ತು ಜ್ವಾಲಾಮುಖಿ ಬೂದಿಯ ಕಾಂಕ್ರೀಟಿನದು. 43 ಮೀಟರ್ ಅಗಲ, ಒಳಗೆ ಕಬ್ಬಿಣ ಇಲ್ಲ, ಸುಮಾರು 1900 ವರ್ಷಗಳಿಂದ ನಿಂತಿದೆ. ಆದರೆ ಸುಣ್ಣಕ್ಕೆ ಅವಸರ ಆಗಿಬರುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು.

ಪಾಯಕ್ಕೆ ಕಲ್ಲು ಸಿಕ್ಕರೆ ಕಲ್ಲೇ ಸರಿ. ನೆಲದಿಂದ ಒಂದೂವರೆ ಅಡಿ ಮೇಲಿನವರೆಗೂ ಕಲ್ಲನ್ನೇ ತನ್ನಿ. ಸೂರು ಎರಡೂವರೆ ಅಡಿ ಹೊರಗೆ ಚಾಚಲಿ. ಮಣ್ಣಿನ ಗೋಡೆ ಹಾಳಾಗುವುದು ಹೆಚ್ಚಾಗಿ ಬುಡದಲ್ಲಿ ಎರಚುವ ನೀರಿನಿಂದ.

ಬಿದಿರು ಚಾವಣಿಗೆ ಚೆನ್ನಾಗಿದೆ. ಮೂರು ವರ್ಷ ದಾಟಿದ್ದನ್ನೇ ಕಡಿಯಿರಿ. ಗೆಣ್ಣುಗಳನ್ನು ಒಳಗೆ ಸರಳಿನಿಂದ ತೂತು ಮಾಡಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಹುಳ ಬಿಡುವುದಿಲ್ಲ. ಮಳೆ ಬಿದ್ದರೆ ಆ ಔಷಧ ತೊಳೆದುಹೋಗುತ್ತದೆ, ಹಾಗಾಗಿ ಸೂರಿನ ಒಳಗೇ ಇರಲಿ. ಕಬ್ಬಿಣದ ಬದಲು ಕಾಂಕ್ರೀಟಿನೊಳಗೆ ಬಿದಿರು ಹಾಕಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅದು ಬೇಡ. ಹಸಿ ಕಾಂಕ್ರೀಟಿನ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಹಿಡಿತ ಬಿಡುತ್ತದೆ. ಹೆಂಪ್‌ಕ್ರೀಟ್ ಬಿಸಿಲು ಚಳಿ ತಡೆಯುತ್ತದೆ, ಭಾರ ಹೊರುವುದಿಲ್ಲ. ಮರದ ಚೌಕಟ್ಟು ಬೇಕೇ ಬೇಕು.

ಮೇಲೆ ತಾರಸಿಯೇ ಬೇಕು ಅಂದರೆ ಫಿಲ್ಲರ್ ಸ್ಲ್ಯಾಬ್ ಮಾಡಿಸಿ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿ ಕಾಂಕ್ರೀಟಿಗೆ ಅಷ್ಟು ಕೆಲಸ ಇಲ್ಲ. ಆ ಜಾಗಕ್ಕೆ ಹೆಂಚು ಕೂರಿಸುತ್ತಾರೆ. ಸಿಮೆಂಟ್ ಆರಿಸುವಾಗ ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಸಿಗುವ ನುಣ್ಣನೆ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟ) ಬೆರೆಸಿದ್ದು ತಗೊಳ್ಳಿ, ಬಲ ನಿಧಾನಕ್ಕೆ ಬರುವುದರಿಂದ ಸೆಂಟ್ರಿಂಗ್ ಬಿಚ್ಚಲು ಆತುರ ಬೇಡ. ಎಲ್‌ಸಿ3 ಅನ್ನುವ ಸುಟ್ಟ ಜೇಡಿ ಬೆರೆಸಿದ ಸಿಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು ಒಟ್ಟು ಸಿಮೆಂಟಿನ ಶೇ 30 ಸುಟ್ಟ ಜೇಡಿ, ಶೇ 15 ಸುಣ್ಣದ ಕಲ್ಲಿನ ಪುಡಿ, ಸ್ವಲ್ಪ ಜಿಪ್ಸಮ್. ಕಲ್ಲಿದ್ದಲು ಉರಿಸುವುದು ಕಮ್ಮಿಯಾದಂತೆ ಹಾರುಬೂದಿ ಕಮ್ಮಿಯಾಗುತ್ತದೆ, ಜೇಡಿಗೆ ಆ ಕೊರತೆ ಇಲ್ಲ. ನನಗೆ ಅದರ ಮೇಲೆ ತುಂಬಾ ನಂಬಿಕೆ ಇದೆ.

ಭೂಕಂಪದ ಭಯ ಇರುವ ಜಾಗವಾದರೆ, ಅಥವಾ ಮುಂದೆ ಮೇಲೆ ಇನ್ನೊಂದು ಅಂತಸ್ತು ಎತ್ತುವ ಯೋಚನೆ ಇದ್ದರೆ, ಕಿಟಕಿ ಬಾಗಿಲ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತಿ ಹಿಡಿಯುವ ಪಟ್ಟಿ (ಬ್ಯಾಂಡ್) ಬೇಕಾಗುತ್ತದೆ. ಅದನ್ನು ಎಂಜಿನಿಯರ್ ಹತ್ತಿರವೇ ಲೆಕ್ಕ ಹಾಕಿಸಿ. ಅಲ್ಲಿ ಕಾಂಕ್ರೀಟ್ ಬಳಸಲು ಹಿಂಜರಿಯಬೇಡಿ. ನಿಮ್ಮ ಮಣ್ಣು ಯಾವ ಬಣ್ಣದ್ದು, ಕಲ್ಲು ಹತ್ತಿರದಲ್ಲಿ ಸಿಗುತ್ತದೆಯೇ ಅಂತ ತಿಳಿಸಿ, ಪಾಯದ ಬಗ್ಗೆ ಇನ್ನಷ್ಟು ಬರೆಯುತ್ತೇನೆ.