ನಿಮ್ಮ ಅಜ್ಜಿ ಕೇಳಿದ ಪ್ರಶ್ನೆ

ಪ್ರಿಯ ಗೆಳತಿ,

ನೀವು ಕಳಿಸಿದ 'ಗ್ರೀಕ್-ರೋಮನ್ ಪುರಾಣಗಳು ಮತ್ತು ಆಧುನಿಕ ಜಗತ್ತು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದ ಒಂದು ಪ್ಯಾರಾ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಆ ಪ್ಯಾರಾದಲ್ಲಿ ನೀವು ರಜೆಗೆ ಊರಿಗೆ ಹೋಗಿದ್ದೀರಿ. ಕಾಲೇಜಿನಲ್ಲಿ ಏನು ಓದುತ್ತೀ ಅಂತ ಅಜ್ಜಿ ಕೇಳುತ್ತಾರೆ. ನೀವು ಡಿಮೀಟರ್ ಕಥೆ ಶುರು ಮಾಡುತ್ತೀರಿ. ಅವಳು ಬೆಳೆ ಕಾಯುವ ದೇವತೆ. ಮಗಳು ಪರ್ಸೆಫೋನಿ ಹೂ ಕೀಳುತ್ತಿರುವಾಗ ನೆಲ ಬಾಯಿ ಬಿಡುತ್ತದೆ. ಪಾತಾಳದ ಒಡೆಯ ಹೇಡೀಸ್ ಅವಳನ್ನು ರಥದಲ್ಲಿ ಹೊತ್ತೊಯ್ಯುತ್ತಾನೆ. ತಾಯಿ ಹುಡುಕುತ್ತಾ ಅಲೆಯುತ್ತಾಳೆ, ಭೂಮಿ ಬರಡಾಗುತ್ತದೆ. ಅಷ್ಟರಲ್ಲಿ ಅಜ್ಜಿ ನಿಮ್ಮನ್ನು ತಡೆಯುತ್ತಾರೆ: "ಹುಡುಗಿಯ ಅಪ್ಪ ಎಲ್ಲಿದ್ದ?" ನೀವು ಈ ಮಾತನ್ನು ಬರೆದು, ಮುಂದಿನ ಸಾಲಿನಲ್ಲೇ ನೈಕಿ ಶೂ ಕಂಪನಿಗೆ ಹೋಗಿಬಿಟ್ಟಿದ್ದೀರಿ.

ನನಗೆ ತುಂಬಾ ಬೇಜಾರಾಯಿತು. ಆ ಪ್ರಶ್ನೆಗೆ ಉತ್ತರ ಇದೆ. ಅದನ್ನು ಹುಡುಕಿಕೊಂಡು ಹೋಗಿದ್ದರೆ ನಿಮ್ಮ ಲೇಖನವೇ ಬೇರೆಯಾಗುತ್ತಿತ್ತು.

ಮೊದಲು ಲೇಖನದ ತೊಂದರೆ ಹೇಳಿಬಿಡುತ್ತೇನೆ. ನೈಕಿ, ಅಮೆಜಾನ್, ಅಪೊಲೊ ನೌಕೆ, ಈಡಿಪಸ್ ಕಾಂಪ್ಲೆಕ್ಸ್, ತಿಂಗಳ ಹೆಸರು, ಗ್ರಹದ ಹೆಸರು, ಎಲ್ಲವನ್ನೂ ಒಂದರ ಹಿಂದೆ ಒಂದು ಪೇರಿಸಿದ್ದೀರಿ. 'ಪ್ರಭಾವ ಬೀರಿದೆ' ಅನ್ನುವ ಮಾತು 23 ಕಡೆ ಬಂದಿದೆ. ಯಾರ ಕೈ ದಾಟಿ ಬಂತು, ದಾಟುವಾಗ ಏನು ಬದಲಾಯಿತು ಅನ್ನುವುದು ಒಂದು ಕಡೆಯೂ ಇಲ್ಲ. ಶೂ ಮೇಲೆ ವಿಜಯದೇವತೆಯ ಹೆಸರಿದ್ದ ಮಾತ್ರಕ್ಕೆ ಅವಳ ಕಥೆ ಇವತ್ತಿಗೂ ಬದುಕಿದೆ ಅಂತ ಹೇಳಲಾಗದು, ಅಲ್ವಾ?

ತಪ್ಪುಗಳೂ ಇವೆ. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಇಲಿಯಡ್ ಕಾವ್ಯ ಮರದ ಕುದುರೆಯಿಂದ ಮುಗಿಯುತ್ತದೆ ಎಂದಿದ್ದೀರಿ. ಅದು ಮುಗಿಯುವುದು ಟ್ರಾಯ್‌ನ ವೀರ ಹೆಕ್ಟರನ ಅಂತ್ಯಕ್ರಿಯೆಯಲ್ಲಿ. ಕುದುರೆಯ ಮಾತು ಬರುವುದು ಅವನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ. ಅದನ್ನು ವಿಸ್ತಾರವಾಗಿ ಹೇಳಿದವನು ರೋಮಿನ ವರ್ಜಿಲ್. ವೀರ ಅಕಿಲೀಸನಿಗೆ ಹಿಮ್ಮಡಿಯೊಂದರಲ್ಲೇ ಸಾವು ಅನ್ನುವ ಕಥೆಯೂ ಹೋಮರನಲ್ಲಿ ಇಲ್ಲ. ತಾಯಿ ಅವನನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ನಮಗೆ ಸಿಗುವುದು ಕ್ರಿ.ಶ. 1ನೇ ಶತಮಾನದ ಸ್ಟೇಷಿಯಸ್ ಎಂಬ ಲ್ಯಾಟಿನ್ ಕವಿಯಲ್ಲಿ. ಅಂದರೆ ಹೋಮರನಿಗೂ ಅವನಿಗೂ ಏಳೆಂಟು ನೂರು ವರ್ಷದ ಅಂತರ.

'ರೋಮನ್ನರು ಗ್ರೀಕ್ ದೇವರುಗಳಿಗೆ ಬೇರೆ ಹೆಸರಿಟ್ಟರು ಅಷ್ಟೇ' ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಇಲಿಯಡ್‌ನಲ್ಲಿ ಯುದ್ಧದೇವ ಏರೀಸನನ್ನು ಹೆತ್ತ ತಂದೆ, ದೇವರುಗಳ ರಾಜ ಸ್ಯೂಸನೇ ಕಂಡರಾಗದವನು ಅಂತ ಬೈಯುತ್ತಾನೆ. ರೋಮಿನ ಮಾರ್ಸ್ ಹಾಗಲ್ಲ. ಅವನು ನಗರ ಕಟ್ಟಿದ ರೊಮ್ಯುಲಸನ ತಂದೆ. ಅವರ ಹಳೆಯ ವರ್ಷದ ಮೊದಲ ತಿಂಗಳು ಅವನದು. ಹೊಲ, ದನಕರು ಕಾಯಪ್ಪಾ ಅಂತ ರೈತರು ಅವನಿಗೇ ಬೇಡಿಕೊಳ್ಳುತ್ತಿದ್ದರು. ಇವರಿಬ್ಬರನ್ನು ಒಂದೇ ಅಂದುಬಿಟ್ಟರೆ ರೋಮನ್ನರು ಹೇಗೆ ಬದುಕಿದರು ಅನ್ನುವುದೇ ಕಾಣದೆ ಹೋಗುತ್ತದೆ.

ಕೊನೆಯಲ್ಲಿ ಸ್ಯೂಸ್ ಅಂದರೆ ಇಂದ್ರ, ಹರ್ಕ್ಯುಲಿಸ್ ಅಂದರೆ ಭೀಮ ಅಂತ ಒಂದು ಪಟ್ಟಿ ಹಾಕಿದ್ದೀರಿ. ಅದರಲ್ಲಿ ಒಂದು ಮಾತು ಗಟ್ಟಿ. ಸ್ಯೂಸ್, ರೋಮಿನ ಜೂಪಿಟರ್ ಮತ್ತು ವೇದದ ದ್ಯೌಷ್ಪಿತೃ ಒಂದೇ ಹಳೆಯ ಪದದಿಂದ ಬಂದ ಹೆಸರುಗಳು. ಅದನ್ನು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಅದು ಇಟ್ಟುಕೊಳ್ಳಿ. ಉಳಿದದ್ದು ಬರೀ ಹೋಲಿಕೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಪಾಟಲಿಪುತ್ರಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಕೂಡ ಇಲ್ಲಿನವರು ಪೂಜಿಸುವ ದೇವರನ್ನು ಹೆರಾಕ್ಲಿಸ್ (ಹರ್ಕ್ಯುಲಿಸನ ಗ್ರೀಕ್ ಹೆಸರು) ಅಂತ ಬರೆದ. ಆ ದೇವರು ಯಾರು ಅಂತ ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಿದ್ದಾರೆ. ಸುಲಭದ ಹೋಲಿಕೆ ಹೀಗೆ ಮೂಲವನ್ನೇ ಮುಚ್ಚಿಬಿಡುತ್ತದೆ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ.

ಈ ಕಥೆಯನ್ನು ವಿವರವಾಗಿ ಹೇಳುವ ಅತಿ ಹಳೆಯ ಕಾವ್ಯ, ಹೋಮರನ ಹೆಸರಿನಲ್ಲಿ ಉಳಿದಿರುವ ಡಿಮೀಟರ್ ಸ್ತೋತ್ರ. 500 ಸಾಲಿನ ಹತ್ತಿರ ಇದೆ. ಅಪ್ಪ ಎಲ್ಲಿದ್ದ ಅನ್ನುವುದನ್ನು ಅದು ಮೂರನೇ ಸಾಲಿನಲ್ಲೇ ಹೇಳುತ್ತದೆ. ಅಪ್ಪ ಸ್ಯೂಸನೇ ಹೆಣ್ಣು ಕೊಟ್ಟಿದ್ದ. ತಾಯಿಗೆ ತಿಳಿಸದೆ, ಮಗಳನ್ನು ಕೇಳದೆ ಕೊಟ್ಟಿದ್ದ. ವರ ಡಿಮೀಟರಳ ಒಡಹುಟ್ಟಿದವನು, ಅಂದರೆ ಹುಡುಗಿಗೆ ಸೋದರಮಾವ. ಇದನ್ನು ಕೇಳಿದರೆ ನಿಮ್ಮ ಅಜ್ಜಿಗೆ ಹೇಳಲು ಬೇಕಾದಷ್ಟು ಇರುತ್ತದೆ ಅಂತ ನನಗನ್ನಿಸುತ್ತದೆ.

ಆ ತಾಯಿ ಒಂಬತ್ತು ದಿನ ಅನ್ನ ನೀರು ಬಿಟ್ಟು, ಪಂಜು ಹಿಡಿದು ಅಲೆಯುತ್ತಾಳೆ. ನಿಜ ಗೊತ್ತಾದ ಮೇಲೆ ದೇವರುಗಳ ಸಹವಾಸವೇ ಬೇಡ ಅಂತ ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಊರಿಗೆ ಬಂದು ಬಾವಿಯ ಹತ್ತಿರ ಕೂರುತ್ತಾಳೆ. ಅಲ್ಲಿ ಒಂದು ಮನೆಯ ಮಗುವನ್ನು ಸಾಕುತ್ತಾಳೆ. ಆಮೇಲೆ ಬಿತ್ತಿದ ಒಂದು ಕಾಳೂ ಮೊಳೆಯದ ಹಾಗೆ ಮಾಡುತ್ತಾಳೆ. ಮನುಷ್ಯರು ಉಪವಾಸ ಬಿದ್ದರೆ ದೇವರುಗಳಿಗೆ ನೈವೇದ್ಯ ಎಲ್ಲಿಂದ ಬರಬೇಕು? ಸ್ಯೂಸ್ ಬಗ್ಗಲೇಬೇಕಾಗುತ್ತದೆ. ಆದರೆ ಮಗಳು ಹೊರಡುವ ಮುಂಚೆ ಹೇಡೀಸ್ ಅವಳಿಗೆ ಒಂದು ದಾಳಿಂಬೆ ಕಾಳು ತಿನ್ನಿಸಿರುತ್ತಾನೆ. ಅದಕ್ಕಾಗಿ ಅವಳು ವರ್ಷದ ಮೂರನೇ ಒಂದು ಪಾಲು ಪಾತಾಳದಲ್ಲಿರಬೇಕು.

ಇದೇ ಕಥೆಯನ್ನು ಕ್ರಿ.ಶ. 8ರ ಹೊತ್ತಿಗೆ ರೋಮಿನ ಕವಿ ಓವಿಡ್ ತನ್ನ 'ಮೆಟಮಾರ್ಫಸಿಸ್' ಕಾವ್ಯದಲ್ಲಿ ಲ್ಯಾಟಿನ್‌ನಲ್ಲಿ ಹೇಳಿದ. ಅಲ್ಲಿ ಶುರುವೇ ಬೇರೆ. ತನ್ನ ಆಳ್ವಿಕೆ ಪಾತಾಳಕ್ಕೂ ಹಬ್ಬಲಿ ಅಂತ ಪ್ರೇಮದೇವತೆ ವೀನಸ್ ಮಗನಿಗೆ ಹೇಳುತ್ತಾಳೆ, ಕ್ಯುಪಿಡ್ ಬಾಣ ಬಿಡುತ್ತಾನೆ, ಪಾತಾಳದ ರಾಜ ಪ್ರೀತಿಗೆ ಬೀಳುತ್ತಾನೆ. ಅಪ್ಪನ ಹೊಣೆ ಜಾರಿಹೋಯಿತು ನೋಡಿ. ತಾಯಿ ಬಂದು ಅಳುವಾಗ ಅಪ್ಪ ಇದು ಅನ್ಯಾಯವಲ್ಲ, ಪ್ರೀತಿ ಅಂತ ಸಮಾಧಾನ ಹೇಳುತ್ತಾನೆ. ಕಾಳು ಒಂದಿದ್ದದ್ದು ಏಳಾಗುತ್ತದೆ. ವರ್ಷ ಸರಿಯಾಗಿ ಅರ್ಧ ಅರ್ಧ ಆಗುತ್ತದೆ.

ನಿಮ್ಮ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಾ? ಇನ್ನೂ ಇದೆ. ಆ ಗ್ರೀಕ್ ಸ್ತೋತ್ರ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಅದು 1777ರಲ್ಲಿ ಮಾಸ್ಕೋದಲ್ಲಿ ಸಿಕ್ಕಿತು. ಈಗ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿದೆ. ಅಂದರೆ ಅದಕ್ಕೆ ಮುಂಚೆ ನೂರಾರು ವರ್ಷ ಪಶ್ಚಿಮ ಯೂರೋಪಿಗೆ ಈ ಕಥೆ ತಲುಪಿದ್ದು ಹೆಚ್ಚಾಗಿ ಓವಿಡ್ ಮತ್ತು ಅವನ ನಂತರದ ಲ್ಯಾಟಿನ್ ಕವಿಗಳಿಂದ. ರೋಮಿನ ಬೊರ್ಗೀಸ್ ಗ್ಯಾಲರಿಯಲ್ಲಿ ಶಿಲ್ಪಿ ಬೆರ್ನಿನಿ 1621–22ರಲ್ಲಿ ಕೆತ್ತಿದ ಈ ಅಪಹರಣದ ಪ್ರತಿಮೆಯನ್ನು ನೀವು 'ಗ್ರೀಕ್ ಪ್ರಭಾವ' ಅಂತ ಬರೆದಿದ್ದೀರಿ. ಹಿಡಿದವನ ಬೆರಳು ಹುಡುಗಿಯ ತೊಡೆಯಲ್ಲಿ ಹೂತಿದೆ. ಕಲ್ಲು ಅನ್ನುವುದೇ ಮರೆತುಹೋಗುತ್ತದೆ. ಆದರೆ ಆ ಸ್ತೋತ್ರ ಬೆರ್ನಿನಿಯ ಕಾಲದಲ್ಲಿ ಪಶ್ಚಿಮ ಯೂರೋಪಿನಲ್ಲಿ ಯಾರ ಕೈಗೂ ಸಿಕ್ಕಿರಲಿಲ್ಲ. ಎಲ್ಯೂಸಿಸ್‌ನ ಬಾವಿಯ ಬಳಿ ಕೂತ ಆ ತಾಯಿ ಸ್ತೋತ್ರ ಹೇಳುವ ರೀತಿಯಲ್ಲಿ ಅಲ್ಲಿನ ಕಲೆಗಾರರಿಗೆ ಕಾಣಿಸಿರಲೇ ಇಲ್ಲ. ಕಂಡಿದ್ದರೆ ಏನು ಕೆತ್ತುತ್ತಿದ್ದರೋ. ನಾನು ಇದನ್ನು ಮೊದಲ ಸಲ ತಿಳಿದಾಗ ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ನಿಮಗೆ ಹೆಸರುಗಳ ಜಾಡು ಇಷ್ಟ ಅಂತ ಗೊತ್ತಾಗುತ್ತದೆ. ಹಾಗಾದರೆ ಈ ಕಥೆಯೊಳಗೇ ಹಿಡಿಯಿರಿ. ಓವಿಡ್ ಅಪಹರಣವನ್ನು ಸಿಸಿಲಿ ದ್ವೀಪದಲ್ಲಿ ಇಟ್ಟ. ಡಿಮೀಟರಳ ರೋಮನ್ ಹೆಸರು ಸೀರೀಸ್. ಅವಳನ್ನು ಸಿಸಿಲಿಯ ಕಾವಲು ದೇವತೆ ಅಂತ ಭಾವಿಸುತ್ತಿದ್ದರು. 1801ರ ಜನವರಿ 1ರಂದು ಅದೇ ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಝಿ ಎಂಬ ಪಾದ್ರಿ ಮಂಗಳ ಮತ್ತು ಗುರು ಗ್ರಹಗಳ ನಡುವೆ ಒಂದು ಹೊಸ ಕಾಯ ಕಂಡ. ಅದಕ್ಕೆ ಸೀರೀಸ್ ಅಂತ ಹೆಸರಿಟ್ಟ. ಎರಡು ವರ್ಷದ ನಂತರ ಸಿಕ್ಕ ಧಾತುವಿಗೆ ಅದರಿಂದಲೇ ಸೀರಿಯಂ ಎಂಬ ಹೆಸರು ಬಂತು. ಲೈಟರಿನ ಕಿಡಿ ಹಾರಿಸುವ ಕಲ್ಲಿನಲ್ಲಿ ಇರುವುದು ಅದೇ ಧಾತು. ಕವಿ, ಊರು, ಖಗೋಳ, ರಸಾಯನ, ಎಲ್ಲ ಒಂದೇ ದಾರದಲ್ಲಿ ಬಂದವು.

ಅದೇ 1801ರಲ್ಲಿ ಎಲ್ಯೂಸಿಸ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಊರಾಚೆ ಗೊಬ್ಬರದ ಗುಡ್ಡೆಯಲ್ಲಿ ಅರ್ಧ ಹೂತ ಒಂದು ದೊಡ್ಡ ಕಲ್ಲಿನ ಹೆಣ್ಣು ಪ್ರತಿಮೆ ಇತ್ತು. ಜನ ಆಗಲೇ ಕ್ರೈಸ್ತರಾಗಿ ಸಾವಿರ ವರ್ಷದ ಮೇಲಾಗಿತ್ತು. ಆದರೂ ಬೆಳೆ ಬರುವುದು ಅವಳಿಂದಲೇ ಅಂತ ನಂಬಿದ್ದರು. ಅವಳನ್ನು ತೆಗೆದರೆ ಹೊಲ ಬರಡಾಗುತ್ತದೆ ಅಂತ ಹೆದರುತ್ತಿದ್ದರು. ಎಡ್ವರ್ಡ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಅವರ ಮಾತು ಕೇಳದೆ ಅದನ್ನು ಸಾಗಿಸಿಬಿಟ್ಟ. ಈಗ ಅದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಆ ಪ್ರತಿಮೆ ನಿಜಕ್ಕೂ ಡಿಮೀಟರಳದಲ್ಲ, ಅವಳ ದೇವಸ್ಥಾನದ ಬಾಗಿಲಲ್ಲಿ ತಲೆ ಮೇಲೆ ಪವಿತ್ರ ಪೆಟ್ಟಿಗೆ ಹೊತ್ತ ಹೆಣ್ಣಿನದು. ಊರಿನವರಿಗೆ ಅವಳೇ ಊರಮ್ಮ. 'ಆಧುನಿಕ ಜಗತ್ತಿನಲ್ಲಿ ಪುರಾಣ' ಅನ್ನುವ ನಿಮ್ಮ ತಲೆಬರಹಕ್ಕೆ ನನಗೆ ಗೊತ್ತಿರುವ ಅತ್ಯಂತ ಜೀವಂತ ಉದಾಹರಣೆ ಇದು.

ಕನ್ನಡದ ಸಂಬಂಧ ಬೇಕೆಂದರೆ ಪಟ್ಟಿಯ ಬದಲು ಬಿ.ಎಂ. ಶ್ರೀಕಂಠಯ್ಯನವರನ್ನು ನೋಡಿ. 1929ರಲ್ಲಿ ಅವರು ಸೊಫೊಕ್ಲಿಸನ ಏಜಾಕ್ಸ್ ನಾಟಕವನ್ನು ಎದುರಿಗಿಟ್ಟುಕೊಂಡು 'ಅಶ್ವತ್ಥಾಮನ್' ಬರೆದರು. ಅವಮಾನದಿಂದ ಕುದಿದು ರಾತ್ರಿ ಕೊಲೆಗೆ ಹೊರಟ ಒಬ್ಬ ಗ್ರೀಕ್ ವೀರ, ರಾತ್ರಿ ಕೊಲೆಗೆ ಹೊರಟ ನಮ್ಮ ಒಬ್ಬ ವೀರ. ಇಬ್ಬರ ಸಂಕಟ ಎಲ್ಲಿ ಮುಟ್ಟುತ್ತದೆ ಅಂತ ಅವರು ಹುಡುಕಿದರು. ಇದು ಒಂದೇ ಪ್ಯಾರಾದಲ್ಲಿ ಬಂದರೆ ಸಾಕು.

ಒಂದು ಚಿಕ್ಕ ಮಾತು: ಪರ್ಸೆಫೋನಿ, ಪ್ರೊಸರ್ಪಿನಾ ಎರಡನ್ನೂ ಬೇಕಾದ ಹಾಗೆ ಬಳಸಿದ್ದೀರಿ. ಗ್ರೀಕ್ ಕವಿ ಹೇಳುವಾಗ ಗ್ರೀಕ್ ಹೆಸರು, ಓವಿಡ್ ಹೇಳುವಾಗ ಲ್ಯಾಟಿನ್ ಹೆಸರು ಇಡಿ. ಓದುಗರಿಗೆ ತಾವು ಯಾರ ಮನೆಯಲ್ಲಿದ್ದೇವೆ ಅಂತ ಗೊತ್ತಾಗುತ್ತದೆ.

ಸ್ತೋತ್ರವನ್ನೂ ಓವಿಡ್‌ನ ಆ ಕಾವ್ಯದ ಐದನೇ ಭಾಗವನ್ನೂ ಪಕ್ಕಪಕ್ಕ ಇಟ್ಟು ನೀವೇ ಓದಿ. ಇಂಗ್ಲಿಷ್ ಅನುವಾದದಲ್ಲಾದರೂ ಸರಿ. ಸಾರಾಂಶದ ಪುಸ್ತಕ ಬೇಡ. ಅಜ್ಜಿಯ ಪ್ರಶ್ನೆಯಿಂದ ಶುರು ಮಾಡಿ, 2,000 ಪದದೊಳಗೆ ಬರೆದು ಕಳಿಸಿ. ನಾನು ಕಾಯುತ್ತೇನೆ.

ಅಜ್ಜಿಗೆ ದಾಳಿಂಬೆ ಕಾಳಿನ ಭಾಗ ಹೇಳಿದಿರಾ? ಲೇಖನದಲ್ಲಿ ಅದು ಇಲ್ಲ. ಹೇಡೀಸ್ ಅದನ್ನು ಗುಟ್ಟಾಗಿ ಕೊಟ್ಟ ಅಂತ ಸ್ತೋತ್ರದ ಕವಿ ಹೇಳುತ್ತಾನೆ. ತಾಯಿ ಕೇಳಿದಾಗ ಮಗಳು ಬಲವಂತ ಮಾಡಿ ತಿನ್ನಿಸಿದ ಅನ್ನುತ್ತಾಳೆ. ಹೇಳಿಲ್ಲದಿದ್ದರೆ ಈ ಸಲ ಊರಿಗೆ ಹೋದಾಗ ಹೇಳಿ. ಮಗಳು ಯಾಕೆ ಹಾಗಂದಳು ಅಂತ ಅಜ್ಜಿ ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಪ್ರೀತಿಯಿಂದ,
ಸಂಪಾದಕ