ಒಂದೇ ಸೆಟ್ಟಿನ ತಟ್ಟೆ, ಮುದ್ರೆ ಬೇರೆ ಬೇರೆ: ಒಂದು ನಕಲಿಯೇ?

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ರಷ್ಯಾ ಅರಮನೆಯ ‘ಸೇಂಟ್ ಜಾರ್ಜ್’ ಊಟದ ಸೆಟ್ಟಿನ ಎರಡು ಪಿಂಗಾಣಿ ತಟ್ಟೆ ನೋಡಿದೆ. ಚಿತ್ತಾರ ಒಂದೇ ತರ. ತಳದಲ್ಲಿ ಮಾತ್ರ ಒಂದಕ್ಕೆ ನೀಲಿ ‘ಜಿ’ ಅಕ್ಷರ, ಇನ್ನೊಂದಕ್ಕೆ ಕಿರೀಟದ ಕೆಳಗೆ ‘ಎ’ ಮತ್ತು ರೋಮನ್ ಅಂಕಿ ಎರಡು. ಒಂದು ನಕಲಿ ಅಲ್ವಾ?

ಉತ್ತರ: ಮುದ್ರೆ ಬೇರೆ ಇದೆ ಅಂತ ಸುಮ್ನೆ ನಕಲಿ ಅನ್ನಬೇಡಿ. ಅರಮನೆಯ ಪಿಂಗಾಣಿಯಲ್ಲಿ ಇದು ಮಾಮೂಲು.

ಈ ಸೆಟ್ ಮಾಡಿಸಿದ್ದು ರಾಣಿ ಎರಡನೇ ಕ್ಯಾಥರೀನ್. ಮಾಸ್ಕೋ ಹತ್ತಿರದ ವೆರ್ಬಿಲ್ಕಿಯಲ್ಲಿ ಫ್ರಾನ್ಸಿಸ್ ಗಾರ್ಡ್ನರ್ ಎಂಬ ಇಂಗ್ಲಿಷ್ ವ್ಯಾಪಾರಿಯ ಕಾರ್ಖಾನೆ ಇತ್ತು, 1777ರಲ್ಲಿ ಆರ್ಡರ್ ಹೋದದ್ದು ಅಲ್ಲಿಗೆ. ನೀಲಿ ‘ಜಿ’ ಅವನದೇ. ಸೇಂಟ್ ಜಾರ್ಜ್ ಪದಕ ಪಡೆದ ಯೋಧರಿಗೆ ನವೆಂಬರ್ 26ರ ಹಬ್ಬದ ದಿನ ಅರಮನೆಯಲ್ಲಿ ಔತಣ ಇರುತ್ತಿತ್ತು, ಆ ಊಟಕ್ಕೆಂದೇ ಮಾಡಿಸಿದ ತಟ್ಟೆಗಳಿವು. ನಡುವೆ ಪದಕದ ನಕ್ಷತ್ರ, ಅಂಚಿನ ಸುತ್ತ ಕಪ್ಪು-ಕಿತ್ತಳೆ ಪಟ್ಟೆಯ ರಿಬ್ಬನ್, ಅದರಿಂದ ಇಳಿಬಿದ್ದ ಪುಟ್ಟ ಬಿಳಿ ಶಿಲುಬೆ. ಎಷ್ಟು ನೋಡಿದರೂ ಸಾಲದು ಅನ್ನಿಸುವ ಕೆಲಸ!

ಬಳಸಿದ ತಟ್ಟೆ ಒಡೆಯದೆ ಇರುತ್ತಾ? ಒಡೆದದ್ದಕ್ಕೆ ಬದಲಿ ಮಾಡುವ ಕೆಲಸ ಮುಂದೆ ಸೇಂಟ್ ಪೀಟರ್ಸ್‌ಬರ್ಗಿನ ಇಂಪೀರಿಯಲ್ ಪಿಂಗಾಣಿ ಕಾರ್ಖಾನೆಗೆ ಬಂತು. ಅದು 1744ರಲ್ಲಿ ಶುರುವಾದ ರಾಜಮನೆತನದ ಕಾರ್ಖಾನೆ. ಅಲ್ಲಿ ಆಗ ಆಳುತ್ತಿದ್ದ ಚಕ್ರವರ್ತಿಯ ಹೆಸರಿನ ಅಕ್ಷರವನ್ನೇ ತಳಕ್ಕೆ ಹಾಕುತ್ತಿದ್ದರು. ಹಾಗಾಗಿ ನೀವು ನೋಡಿದ ಎರಡನೇ ತಟ್ಟೆ ಎರಡನೇ ಅಲೆಕ್ಸಾಂಡರ್ ಕಾಲದ್ದು ಎಂದು ಅರ್ಥ, ಅಂದರೆ 1855ರಿಂದ 1881ರ ನಡುವಿನದು. ಅದೂ ಅರಮನೆಯ ಮೇಜಿಗೇ ಮಾಡಿದ್ದು. ಆದರೆ ಗಾರ್ಡ್ನರ್ ತಟ್ಟೆಯ ಬೆಲೆ ಕೊಟ್ಟು ಇದನ್ನು ಕೊಳ್ಳಬೇಡಿ.

ನಿಜವಾದ ಮೋಸ ಬೇರೆ ಕಡೆ ಇದೆ. ಮುದ್ರೆ ಅಸಲಿಯೇ ಇರುತ್ತದೆ, ಚಿತ್ತಾರ ಮಾತ್ರ ಆಮೇಲೆ ಬರೆದದ್ದು. ಹಳೆಯ ಸಾದಾ ಬಿಳಿ ತಟ್ಟೆ ಹುಡುಕಿ, ಅದರ ಮೇಲೆ ದುಬಾರಿ ಸೆಟ್ಟಿನ ಚಿತ್ರ ಬರೆದು ಮತ್ತೆ ಸುಟ್ಟು ಮಾರುತ್ತಾರೆ. ಭೂತಕನ್ನಡಿ ಹಿಡಿದು ಚಾಕು-ಫೋರ್ಕಿನ ಗೀರು ನೋಡಿ. ಊಟ ಮಾಡಿದ ತಟ್ಟೆಯಲ್ಲಿ ಗೀರು ಬಣ್ಣವನ್ನೂ ಕೊರೆದಿರಬೇಕು. ಬಣ್ಣ ಗೀರಿನೊಳಗೆ ಇಳಿದು ಕೂತಿದ್ದರೆ ಕೈಬಿಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಎರಡು ಮುದ್ರೆ ಇರುವ ತಟ್ಟೆ ಕಂಡರೆ ಮಾತ್ರ ಗಾಬರಿಯಾಗಬೇಡಿ. 1917ರ ಕ್ರಾಂತಿಯ ನಂತರ ಅದೇ ಕಾರ್ಖಾನೆಯಲ್ಲಿ ಉಳಿದಿದ್ದ ಬಿಳಿ ತಟ್ಟೆಗಳ ಮೇಲೆ ಸೋವಿಯತ್ ಘೋಷಣೆಗಳನ್ನು ಬರೆದರು. ಹಳೆ ಮುದ್ರೆಗೆ ಬಣ್ಣ ಬಳಿದು, ಪಕ್ಕದಲ್ಲಿ ಸುತ್ತಿಗೆ-ಕುಡುಗೋಲು ಹಾಕಿದರು. ಅವುಗಳನ್ನೂ ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ.

ಹಣ ಕಟ್ಟುವ ಮೊದಲು ತಳದ ಫೋಟೋ ಜೊತೆಗೆ, ಓರೆ ಬೆಳಕಿನಲ್ಲಿ ತೆಗೆದ ಮುಂಭಾಗದ ಫೋಟೋ ಕೂಡ ಕೇಳಿ. ಗೀರು ಕಾಣೋದು ಅದರಲ್ಲೇ.