ಮನೆಯೊಳಗಿನ ಆರ್ಕಿಡ್ ಹೂ ಬಿಟ್ಟಿದೆ, ಪರಿಮಳ ಮಾತ್ರ ಇಲ್ಲ. ಯಾಕೆ?

ಬ್ರಸವೋಲಾ ನೋಡೋಸಾ ಅನ್ನೋ ಆರ್ಕಿಡ್ ತಂದಿದ್ದೀರಿ, ಬಿಳಿ ಹೂವೂ ಬಂದಿದೆ, ಆದ್ರೆ ಘಮ ಇಲ್ಲ, ಅಂಗಡಿಯವರು ಬೇರೆ ಗಿಡ ಕೊಟ್ಟರಾ ಅಂತ ಕೇಳಿದ್ದೀರಿ. ಜೊತೆಗೆ ಮನೆಯೊಳಗೆ ಹೇಗೆ ನೋಡಿಕೊಳ್ಳಬೇಕು ಅಂತಲೂ.

ನೀವು ಮೂಸಿ ನೋಡಿದ್ದು ಯಾವಾಗ? ಬೆಳಿಗ್ಗೆ ಕಾಫಿ ಹೊತ್ತಿನಲ್ಲಾದರೆ ಅಂಗಡಿಯವರನ್ನು ಬೈಯಬೇಡಿ. ಈ ಹೂವಿಗೆ ಹಗಲು ವಾಸನೆ ಇಲ್ಲ ಅಂದರೂ ನಡೆಯುತ್ತೆ. ಇದರ ಪರಾಗಸ್ಪರ್ಶ ಮಾಡುವುದು ಕತ್ತಲಲ್ಲಿ ಹಾರುವ ದೊಡ್ಡ ಪತಂಗಗಳು. ಹಾಗಾಗಿ ಘಮವೂ ಅವು ಬರುವ ಹೊತ್ತಿಗೇ. ರಾತ್ರಿ ಊಟ ಆದ ಮೇಲೆ ಫ್ಯಾನ್ ಆರಿಸಿ ಹತ್ತಿರ ಹೋಗಿ ನೋಡಿ. ನಿಂಬೆ ಬೆರೆತ ಸಿಹಿ ಪರಿಮಳ, ಒಂದೆರಡು ಹೂವಿದ್ದರೂ ಕೋಣೆಗೆ ಸಾಕು. ಈಗಷ್ಟೇ ಅರಳಿದ್ದರೆ ಇನ್ನೊಂದು ದಿನ ಕಾಯಿರಿ.

ಇನ್ನು ಆರೈಕೆ. ಇದರಲ್ಲಿ ಮುಕ್ಕಾಲು ಪಾಲು ಬೆಳಕಿನದ್ದೇ. ಮೆಕ್ಸಿಕೋದಿಂದ ವೆನೆಜುವೆಲಾವರೆಗೆ, ಕಡಲ ಹತ್ತಿರದ ಮರ, ಬಂಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ಬಿಸಿಲು ಗಾಳಿಗೆ ಒಡ್ಡಿಕೊಂಡು ಬೆಳೆಯುವ ಗಿಡ ಇದು. ಹಾಲ್‌ನ ಟೀಪಾಯಿ ಮೇಲೆ ಇಟ್ಟರೆ ಸಾಯುವುದಿಲ್ಲ, ಸುಮ್ನೆ ಎಲೆ ಬಿಡ್ತಾ ಕೂರುತ್ತದೆ. ಪೂರ್ವದ ಕಿಟಕಿ ಒಳ್ಳೆಯದು. ಪಶ್ಚಿಮವಾದರೆ ತೆಳು ಪರದೆ ಇರಲಿ. ಎಲೆ ನೋಡಿದರೇ ಗೊತ್ತಾಗುತ್ತೆ: ಕಡು ಹಸಿರಾಗಿ ಜೋತು ಬಿದ್ದರೆ ಬೆಳಕು ಸಾಲದು, ತಿಳಿ ಹಸಿರಾಗಿ ಅಲ್ಲಲ್ಲಿ ಕೆಂಪು ಚುಕ್ಕೆ ಇದ್ದರೆ ಸರಿಯಾಗಿದೆ.

ನೀರಿಗೆ ವಾರದ ಲೆಕ್ಕ ಬೇಡ. ಬೇರು ನೋಡಿ. ಒಣಗಿದಾಗ ಬೂದು ಬಿಳಿ, ನೀರು ಬಿದ್ದ ಸ್ವಲ್ಪ ಹೊತ್ತಿಗೆ ಕಣ್ಣೆದುರೇ ಹಸಿರಾಗುತ್ತದೆ. ಬೇರಿನ ಮೇಲಿನ ಸ್ಪಂಜಿನಂಥ ಪದರ ನೀರು ಹೀರಿ ಪಾರದರ್ಶಕವಾದಾಗ ಒಳಗಿನ ಹಸಿರು ಕಾಣುವುದು. ಪೂರ್ತಿ ಬೆಳ್ಳಗಾದ ಮೇಲೆಯೇ ಮತ್ತೆ ನೀರು. ಎಲೆ ದಪ್ಪಗಿದೆ ಅಲ್ವಾ, ನೀರು ಕೂಡಿಟ್ಟುಕೊಂಡಿರುತ್ತೆ. ಒಂದು ದಿನ ತಡವಾದರೆ ಏನೂ ಆಗಲ್ಲ, ಒದ್ದೆ ಜಾಸ್ತಿಯಾದರೆ ಮಾತ್ರ ಬೇರು ಕೊಳೆಯುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಳೆ ನೀರು ಹಿಡಿದಿಡಿ.

ಮಣ್ಣು ಖಂಡಿತ ಬೇಡ, ಕೋಕೋಪೀಟ್ ಕೂಡ ಬೇಡ. ತೂತಿರುವ ಮಣ್ಣಿನ ಕುಂಡಕ್ಕೆ ಇದ್ದಿಲು, ಹೆಂಚಿನ ಚೂರು ಹಾಕಿದರೆ ಸಾಕು. ಮಲೆನಾಡಿನವರಾದರೆ ಹಲಸಿನ ಮರಕ್ಕೆ ಅಂಟಿಕೊಂಡ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ನೋಡಿರುತ್ತೀರಿ, ಇದರ ಬದುಕೂ ಅದೇ ಥರ. ಮರದ ತುಂಡಿಗೆ ಕಟ್ಟಿಯೂ ಬೆಳೆಸಬಹುದು, ಆದರೆ ಫ್ಲಾಟ್‌ನಲ್ಲಿ ದಿನಾ ನೀರು ಚಿಮುಕಿಸುವ ತಾಳ್ಮೆ ಬೇಕು. ನಾನಂತೂ ಕುಂಡವೇ ವಾಸಿ ಅನ್ನುತ್ತೇನೆ.

ಹೊಸ ಚಿಗುರು ಬರುವಾಗ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವುದು), ಲೀಟರಿಗೆ ಅರ್ಧ ಗ್ರಾಂ, ಎರಡು ವಾರಕ್ಕೊಮ್ಮೆ. ಎಲೆ ಬುಡದಲ್ಲಿ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಕುಂಡ ಚಿಕ್ಕದಾಯ್ತು ಅಂತ ಹೂವಿರುವಾಗ ಕೀಳಬೇಡಿ, ಹೊಸ ಬೇರಿನ ತುದಿ ಹಸಿರಾಗಿ ಇಣುಕಿದಾಗ ಬದಲಿಸಿ.